ತಗಡಿನ ಚಾವಣಿ ಮಾರಿ ತಂದವನು

ಎಲಿಯಾಸ್‌ನನ್ನು ತರಲು ನಮ್ಮೂರ ಫುಟ್‌ಬಾಲ್ ತಂಡದವರು ಮೈದಾನದ ತಗಡಿನ ಚಾವಣಿಯನ್ನು ಮಾರಿದರು. ನಾಲ್ಕು ಮಂದಿ ಎರಡು ದಿನ ಮೇಲೆ ಹತ್ತಿ ತಗಡುಗಳನ್ನು ಬಿಚ್ಚಿದರು. ಅವು ಲಾರಿಯಲ್ಲಿ ಹೋದವು, ಅದೇ ವಾರ ಅವನು ಬಸ್ಸಿನಲ್ಲಿ ಬಂದ. ಈಗ ಅಲ್ಲಿ ಏಳು ಕಲ್ಲಿನ ಮೆಟ್ಟಿಲುಗಳಿವೆ, ಏನನ್ನೂ ಹೊರದ ಹನ್ನೆರಡು ಕಬ್ಬಿಣದ ಕಂಬಗಳಿವೆ. ಆಟದ ದಿನ ಜನ ಛತ್ರಿ ಬಿಚ್ಚಿಕೊಂಡು ಕೂರುತ್ತಾರೆ. ಎಲಿಯಾಸ್ ಗೋಲು ಹೊಡೆಯದೆ ಹೋದಾಗಲೆಲ್ಲ ಯಾರಾದರೊಬ್ಬರು ಛತ್ರಿ ಸರಿಸಿ, ಚಾವಣಿ ಇದ್ದ ಕಡೆ ತಲೆಯೆತ್ತಿ ಬರೀ ಆಕಾಶವನ್ನು ನೋಡುತ್ತಾರೆ. ಬಾಯಿ ಬಿಡುವುದಿಲ್ಲ.

ಬಾಯಿ ಬಿಡದಿರುವುದಕ್ಕೆ ಕಾರಣ ಗುಡ್ಡ. ಮೈದಾನದ ಪಡುವಣಕ್ಕೆ ಇರುವ ಕರಿಗುಡ್ಡ, ಇಲ್ಲಿ ಯಾರು ಏನನ್ನು ಗಟ್ಟಿಯಾಗಿ ಕೂಗಿದರೂ ಮುಂದಿನ ವರ್ಷ ಅದೇ ದಿನ, ಅದೇ ಗಳಿಗೆಗೆ, ಕೂಗಿದ ಜಾಗದಿಂದಲೇ ಒಪ್ಪಿಸುತ್ತದೆ. ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ, ಒಂದಕ್ಷರ ಬಿಡದೆ, ಒಂದೇ ಸಲ. ಆದ್ದರಿಂದ ಚುನಾವಣೆಯ ಭಾಷಣಕ್ಕೆ ಯಾವ ಪಕ್ಷದವರೂ ಈ ಮೈದಾನವನ್ನು ಕೇಳುವುದಿಲ್ಲ. ಜಗಳ ಬಂದರೆ ಇಬ್ಬರೂ ಗೇಟು ದಾಟಿ ಹೊರಗೆ ಹೋಗಿ ಆಡುತ್ತಾರೆ. ರೆಫರಿ ಸೀಟಿ ಊದುವುದಿಲ್ಲ, ಕೆಂಪು ಬಟ್ಟೆ ಬೀಸುತ್ತಾನೆ. ತರಬೇತಿ ಕೊಡುವವರು ಕೈಸನ್ನೆಯಲ್ಲೇ ಎಲ್ಲವನ್ನೂ ಹೇಳುತ್ತಾರೆ. ಗೋಲು ಬಿದ್ದಾಗ ಮಾತ್ರ ಕೂಗಬಹುದು. ಹೋದ ವರ್ಷದ ಆ ಕೂಗು ಈ ವರ್ಷದ ಆಟಗಾರರಿಗೂ ಸಿಗಲಿ ಎಂದೇ ವರ್ಷಕ್ಕೆ ಐದು ಆಟ, ಅದೇ ತಾರೀಖು, ಅದೇ ಹೊತ್ತು, ಅದೇ ಊರುಗಳ ಎದುರು ಇಡುತ್ತಾರೆ. ಆಟಗಾರನ ಮೇಲೆ ಸಿಟ್ಟು ಬಂದರೆ ಜನ ಬೆನ್ನು ಕೊಡುತ್ತಾರೆ, ಅಂದರೆ ಮೆಟ್ಟಿಲ ಮೇಲೆ ಹಿಂದಕ್ಕೆ ತಿರುಗಿ ಕೂರುತ್ತಾರೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ನನ್ನ ಗಂಡ ಓಬಳೇಶ ಈ ಶಿಸ್ತಿಗೆ ಬಗ್ಗಿದವನಲ್ಲ. ಹೋದ ವರ್ಷದವರೆಗೆ ನಮ್ಮ ಮುಂಚೂಣಿಯ ಆಟಗಾರ ಗಾದಿಲಿಂಗ, ಅವನ ಚಿಕ್ಕಂದಿನ ಗೆಳೆಯ, ಎಡಗಾಲಿನಲ್ಲಿ ಹೊಡೆಯುವವನು. ಮೂರನೇ ಮೆಟ್ಟಿಲ ಮೇಲೆ ಐದನೇ ಕಂಬದ ಹತ್ತಿರ ಕೂತು ಓಬಳೇಶ ಆಟದುದ್ದಕ್ಕೂ ಅವನಿಗೆ ಕೂಗುತ್ತಿದ್ದ. ಎಡಕ್ಕೆ ಬಾ. ಎಡಕ್ಕೆ. ಬರುವ ವರ್ಷ ನಿನ್ನ ಗದ್ದಲ ಮತ್ತೆ ಕೇಳಬೇಕೇನಯ್ಯ ಎಂದು ಹಿರಿಯರು ಗದರಿದರೆ, ಬರುವ ವರ್ಷ ನೀವು ಇರ್ತೀರೋ ಇಲ್ವೋ, ನನ್ನ ಗಂಟಲಾದ್ರೂ ಇರ್ಲಿ ಬಿಡಿ ಎನ್ನುತ್ತಿದ್ದನಂತೆ. ಇದನ್ನು ನನಗೆ ಹೇಳಿದವರು ಅವನ ಪಕ್ಕದಲ್ಲಿ ಕೂರುತ್ತಿದ್ದ ಖಾದರ್ ಮೇಷ್ಟ್ರು, ಅವನಿಗೆ ಶಾಲೆಯಲ್ಲಿ ಆಟ ಕಲಿಸಿದವರು. ನಾನು ನೋಡಿರಲಿಲ್ಲ. ಅವನು ಬದುಕಿದ್ದಾಗ ನಾನು ಒಂದು ಆಟಕ್ಕೂ ಹೋಗಲಿಲ್ಲ.

ಆಟದ ದಿನ ಮಧ್ಯಾಹ್ನ ಅವನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, ಬಾರೆ ಒಂದ್ಸಲ ಎನ್ನುತ್ತಿದ್ದ. ಮುಂದಿನ ಆಟಕ್ಕೆ ಎನ್ನುತ್ತಿದ್ದೆ. ನಾನು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿದವಳು. ಬೀಜ ಪರೀಕ್ಷೆಯ ಕಚೇರಿಯಲ್ಲಿ ಕೆಲಸ. ಒದ್ದೆ ಕಾಗದದ ಮೇಲೆ ಬೀಜ ಸಾಲಾಗಿಟ್ಟು ಎಷ್ಟು ಮೊಳೆತವು ಎಂದು ಎಣಿಸುವುದು. ಆಟದ ದಿನ ಮಧ್ಯಾಹ್ನ ಊರಿಗೆಲ್ಲ ರಜೆ, ಓದಿಕೊಳ್ಳಲು ನನಗೆ ಸಿಗುತ್ತಿದ್ದ ಹೊತ್ತು ಅದೊಂದೇ. ಹೋದ ವರ್ಷದ ಐದನೇ ಆಟ ಮುಗಿದ ನಾಲ್ಕನೇ ದಿನ ಅವನು ತೀರಿಕೊಂಡ. ಮೂರು ದಿನದ ಜ್ವರ. ಅವನಿಗೆ ಮೂವತ್ತೊಂದು ವರ್ಷ.

ತೀರಿಕೊಂಡವರ ಧ್ವನಿ ಗುಡ್ಡದಲ್ಲಿ ಇನ್ನೂ ಉಳಿದಿದ್ದರೆ, ಅದು ಮುಗಿಯುವವರೆಗೆ ಅವರ ಜಾಗದಲ್ಲಿ ಯಾರೂ ಕೂರುವುದಿಲ್ಲ. ಅಲ್ಲೊಂದು ಟವೆಲ್ ಹಾಸುತ್ತಾರೆ. ಅದಕ್ಕೆ ವರ್ಷದ ಜಾಗ ಎನ್ನುತ್ತಾರೆ. ಈ ವರ್ಷದ ಮೊದಲ ಆಟದ ದಿನ ಅವನ ಹಸಿರು ಟವೆಲ್ ಹಾಸಿ ನಾನು ಪಕ್ಕದಲ್ಲಿ ಕೂತೆ. ಹನ್ನೊಂದನೇ ನಿಮಿಷಕ್ಕೆ, ನನ್ನ ಬಲಗಿವಿಗಿಂತ ಒಂದು ಗೇಣು ಮೇಲೆ, ಅವನ ಬಾಯಿ ಇರಬೇಕಾಗಿದ್ದ ಎತ್ತರದಲ್ಲಿ, ಅವನು ಕೂಗಿದ. ಎಡಕ್ಕೆ ಬಾ. ಸಣ್ಣ ನೆಗಡಿಯಾಗಿತ್ತು ಅವನಿಗೆ. ಅದೂ ಕೇಳಿಸಿತು. ನಾನು ಅಳಲಿಲ್ಲ. ಕೈಗಡಿಯಾರ ನೋಡಿ ಚೀಟಿಯಲ್ಲಿ ಬರೆದುಕೊಂಡೆ: ಹನ್ನೊಂದು, ಎಡಕ್ಕೆ ಬಾ, ನೆಗಡಿ. ಆ ದಿನ ಒಟ್ಟು ಹದಿನಾಲ್ಕು ಸಲ. ಮನೆಗೆ ಬಂದು ಚೀಟಿಯನ್ನು ಅಕ್ಕಿ ಡಬ್ಬದ ಕೆಳಗೆ ಇಟ್ಟೆ. ಎರಡನೇ ಆಟಕ್ಕೆ ಇನ್ನೂ ಇಪ್ಪತ್ತೊಂದು ದಿನ ಇತ್ತು. ಆ ಇಪ್ಪತ್ತೊಂದು ದಿನ ನಾನು ಏನು ಮಾಡಿದೆನೋ ನೆನಪಿಲ್ಲ.

ಎಲಿಯಾಸ್ ಕಡಲ ಕಡೆಯವನು. ಎತ್ತರದ ಆಳು, ಬಲಗಾಲಿನ ಆಟ. ತಂಡದ ಕಾರ್ಯದರ್ಶಿ ಪಾಲಾಕ್ಷಪ್ಪ ಟಯರ್ ಅಂಗಡಿಯವರು. ಎಲ್ಲೋ ಮಳೆಯಲ್ಲಿ ಅವನ ಒಂದು ಆಟ ನೋಡಿ ಮರುಳಾಗಿ ಬಂದಿದ್ದರು. ಅದಕ್ಕೆ ಮುಂಚೆ ನಮ್ಮ ತಂಡದಲ್ಲಿ ಹೊರಗಿನವರು ಆಡಿದ್ದೇ ಇಲ್ಲ. ಗಾದಿಲಿಂಗನ ಮೊಣಕಾಲು ಹೋದ ಮೇಲೆ ಬೇರೆ ದಾರಿ ಇರಲಿಲ್ಲ ಎಂದು ಅವರು ಈಗಲೂ ಹೇಳುತ್ತಾರೆ. ಮೊದಲ ಆಟದಲ್ಲಿ ಎಲಿಯಾಸ್ ಗೋಲು ಹೊಡೆಯಲಿಲ್ಲ. ಹೊಸಬ ಎಂದರು. ಎರಡನೆಯದರಲ್ಲೂ ಇಲ್ಲ. ಆಟ ಮುಗಿದ ಮೇಲೆ ದುರುಗಮ್ಮನ ಮಂಡಕ್ಕಿ ಗಾಡಿಯ ಸುತ್ತ ಮಾತು ಶುರುವಾಯಿತು. ಗಾಡಿ ಮೈದಾನದ ಎಡ ಮೂಲೆಯ ಬೇಲಿಯಾಚೆ ಇರುವುದರಿಂದ ಅಲ್ಲಿ ಬಾಯಿ ಬಿಡಬಹುದು. ಬೂಟು ಬಿಗಿ ಇರಬೇಕು ಎಂದರು ಒಬ್ಬರು. ಮೀನು ಸಿಗದೆ ಮಂಕಾಗಿದ್ದಾನೆ ಎಂದರು ಇನ್ನೊಬ್ಬರು. ಚೆಂಡು ಕಾಲಿಗೆ ಬರುವವರೆಗೆ ಸರಿಯಾಗಿರುತ್ತಾನೆ, ಬಂದ ಮೇಲೆ ಯಾಕೆ ಎಡಗಡೆಗೇ ಓಡುತ್ತಾನೆ ಎಂಬುದು ಎಲ್ಲರ ಪ್ರಶ್ನೆ.

"ಎಡಗಡೆ ಏನೈತೆ ಹೇಳ್ರಿ? ದುರುಗಮ್ಮನ ಗಾಡಿ ಐತೆ," ಎಂದ ಒಬ್ಬ. "ಮೆಣಸಿನಕಾಯಿ ವಾಸನೆಗೆ ಓಡ್ತಾನೆ ಪಾಪ."

"ಮೊದಲನೇ ಅರ್ಧದಾಗ ನನ್ನ ಗಾಡಿ ಕಡೆ ಓಡಿದ, ಒಪ್ಪಿದೆ," ಎಂದಳು ದುರುಗಮ್ಮ, ಎಣ್ಣೆಯಿಂದ ಕಣ್ಣು ತೆಗೆಯದೆ. "ಎರಡನೇ ಅರ್ಧದಾಗ ಮೂತ್ರಿ ಕಡೆ ಓಡಿದನಲ್ಲ, ಅಲ್ಲೇನು ನಿಮ್ಮಪ್ಪ ಬಜ್ಜಿ ಕರೀತಿದ್ನಾ?"

ನಾನು ಪೊಟ್ಟಣ ತೆಗೆದುಕೊಂಡು ಹೊರಟೆ. ಆ ದಿನ ಓಬಳೇಶ ಹತ್ತೊಂಬತ್ತು ಸಲ ಕೂಗಿದ್ದ. ಒಂದು ಸಲ, ಮೂವತ್ತನೇ ನಿಮಿಷಕ್ಕೆ, ನಕ್ಕಿದ್ದ. ನನಗೆ ಬೇರೆ ಯಾರ ಮಾತೂ ಬೇಕಿರಲಿಲ್ಲ. ಆಟವನ್ನೂ ನಾನು ನೋಡಿರಲಿಲ್ಲ, ಗಡಿಯಾರ ನೋಡಿದ್ದೆ.

ಮೂರನೇ ಆಟದಲ್ಲಿ ನೋಡಿದೆ. ಚೀಟಿ ಗಾಳಿಗೆ ಹಾರಿ ಒಂದು ಮೆಟ್ಟಿಲು ಕೆಳಗೆ ಬಿದ್ದಿತ್ತು. ಎತ್ತಿಕೊಂಡು ತಲೆ ಮೇಲೆ ಮಾಡುವಾಗ ಎಲಿಯಾಸ್‌ನ ಬಲಗಾಲಲ್ಲಿ ಚೆಂಡಿತ್ತು, ಅವನ ಬಲಕ್ಕೆ ಗೋಲು ಬಾಗಿಲು ತೆರೆದ ಮನೆಯ ಹಾಗೆ ಖಾಲಿ ಇತ್ತು. ಆಗ ನನ್ನ ಹಿಂದೆ ಓಬಳೇಶ ಕೂಗಿದ. ಎಲಿಯಾಸ್ ತಟ್ಟನೆ ನಮ್ಮ ಕಡೆ ತಲೆ ತಿರುಗಿಸಿದ, ತಲೆ ಆಡಿಸಿದ, ಚೆಂಡನ್ನು ಎಡಕ್ಕೆ ಎಳೆದುಕೊಂಡು ಹೋಗಿ ಮೂವರ ನಡುವೆ ಕಳೆದುಕೊಂಡ. ಸುತ್ತ ಛತ್ರಿಗಳು ಸರಿದವು, ಜನ ಆಕಾಶ ನೋಡಿದರು. ಹತ್ತು ನಿಮಿಷದ ಮೇಲೆ ಇನ್ನೊಮ್ಮೆ ಹಾಗೇ ಆಯಿತು.

ನಾವು ಹುಟ್ಟಿದಾಗಿನಿಂದ ಹೋದ ವರ್ಷದ ಕೂಗು, ಈ ವರ್ಷದ ಕೂಗು ಎರಡನ್ನೂ ಒಟ್ಟಿಗೆ ಕೇಳಿದವರು. ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ನಮ್ಮ ಕಿವಿ ತಾನಾಗಿ ಆರಿಸುತ್ತದೆ. ಎಲಿಯಾಸ್‌ಗೆ ಯಾವ ನಲ್ಲಿಯ ನೀರು ಸಿಹಿ, ಯಾವ ಬೀದಿಯ ನಾಯಿ ಕಚ್ಚುತ್ತದೆ ಎಲ್ಲವನ್ನೂ ಹೇಳಿದ್ದರು. ಇದನ್ನು ಹೇಳಿರಲಿಲ್ಲ. ಹೇಳಬೇಕಾದ ವಿಷಯ ಎಂದು ಯಾರಿಗೂ ಹೊಳೆದಿರಲಿಲ್ಲ, ಉಸಿರಾಡುವುದು ಹೇಗೆಂದು ಯಾರೂ ಹೇಳಿಕೊಡುವುದಿಲ್ಲವಲ್ಲ.

ನಾನೂ ಹೇಳಲಿಲ್ಲ. ಮೂರು ವರ್ಷದ ಹಿಂದೆ ಎದುರು ಊರಿನವರು ನಮ್ಮ ಮೈದಾನದಲ್ಲಿ ಕೆಟ್ಟದಾಗಿ ಬೈದು ಹೋಗಿದ್ದರು. ಮರುವರ್ಷ ಅದು ಬರುವ ದಿನ ಪಾಲಾಕ್ಷಪ್ಪ ಇಪ್ಪತ್ತು ಮಂದಿ ತಮಟೆಯವರನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಆಟ ಮುಗಿಯುವವರೆಗೆ ಬಾರಿಸಿದ್ದರು. ಆ ದಿನ ಗುಡ್ಡ ಒಪ್ಪಿಸಿದ್ದು ಒಂದೂ ಕೇಳಿಸಲಿಲ್ಲವಂತೆ. ವಿಷಯ ಗೊತ್ತಾದರೆ ಈಗಲೂ ಅವರು ಮಾಡುವುದು ಅದನ್ನೇ. ಇನ್ನು ಉಳಿದಿದ್ದದ್ದು ಎರಡು ಆಟ. ಗುಡ್ಡದಲ್ಲಿ ಓಬಳೇಶ ಇನ್ನು ಎರಡು ಮಧ್ಯಾಹ್ನದಷ್ಟು ಇದ್ದ. ಅದರಲ್ಲೂ ಐದನೆಯದು ಅವನ ಕೊನೆಯ ಆಟ. ಕೊನೆಗೆ ಅವನು ಏನು ಕೂಗಿದ್ದ ಎಂದು ನನಗೆ ಗೊತ್ತಿರಲಿಲ್ಲ. ಖಾದರ್ ಮೇಷ್ಟ್ರಿಗೆ ಗೊತ್ತಿರಬೇಕು. ಹೇಳಬೇಡಿ ಎಂದು ಅವರಿಗೆ ಮೊದಲೇ ಹೇಳಿದ್ದೆ. ಅವನ ಬಾಯಿಂದಲೇ ಕೇಳಬೇಕಿತ್ತು.

ಮರುದಿನ ಬೆಳಿಗ್ಗೆ ಕಚೇರಿಗೆ ಹೋಗುವ ದಾರಿಯಲ್ಲಿ ಮೈದಾನಕ್ಕೆ ಹೋದೆ. ಟವೆಲ್ ಮರೆತಿದ್ದೆ. ಎಲಿಯಾಸ್ ಒಬ್ಬನೇ ಗೋಲಿನ ಕಂಬಕ್ಕೆ ಚೆಂಡು ಒದೆಯುತ್ತಿದ್ದ. ಹತ್ತಕ್ಕೆ ಹತ್ತೂ ಕಂಬಕ್ಕೆ ತಾಗುತ್ತಿದ್ದವು. ನನ್ನನ್ನು ನೋಡಿ ಮೆಟ್ಟಿಲು ಹತ್ತಿ ಬಂದ. ಹತ್ತಿರದಿಂದ ನೋಡಿದರೆ ನನಗಿಂತ ಎರಡು ಮೂರು ವರ್ಷಕ್ಕಾದರೂ ಚಿಕ್ಕವನು.

"ಅಕ್ಕ, ನಿಮ್ಮ ಪಕ್ಕದಲ್ಲಿ ಒಬ್ರು ಕೂರ್ತಾರಲ್ಲ," ಎಂದ. "ಬಿಸಿಲಿಗೆ, ಛತ್ರಿಗೆ ಮುಖ ಸರಿ ಕಾಣುದಿಲ್ಲ ನನಗೆ. ಅವರಿಗೆ ಒಂದು ಮಾತು ಹೇಳ್ಬೇಕಿತ್ತು."

ಏನು ಎಂದು ಕೇಳಿದೆ.

"ಈ ಮೈದಾನದಲ್ಲಿ ಯಾರೂ ನನ್ನ ಹತ್ರ ಮಾತಾಡುದಿಲ್ಲ. ಕೋಚ್ ಕೈ ತೋರಿಸ್ತಾರೆ, ಎಂತ ಅಂತ ಅರ್ಥ ಆಗುದಿಲ್ಲ. ಅವರೊಬ್ರೇ ನನಗೆ ಹೇಳಿಕೊಡುದು. ಅವರು ಹೇಳಿದ ಹಾಗೆ ಮಾಡ್ತೇನೆ, ಆದ್ರೂ ಆಗ್ತಾ ಇಲ್ಲ. ತಪ್ಪು ನಂದೇ. ಬೇಜಾರು ಮಾಡ್ಕೊಳ್ಬೇಡಿ ಅಂತ ಹೇಳ್ತೀರಾ?"

ನಾನು ಟವೆಲ್ ಮಡಚಿದೆ. ಅವರು ಈಗ ಊರಲ್ಲಿಲ್ಲ ಎಂದೆ.

"ಬಂದಾಗ ಹೇಳಿ," ಎಂದು ಎಲಿಯಾಸ್ ಇಳಿದು ಹೋದ.

ಬೀಜದ ಕೆಲಸದಲ್ಲಿ ಒಂದು ವಿಷಯವಿದೆ. ಸತ್ತ ಬೀಜವೂ ನಿದ್ದೆಯಲ್ಲಿರುವ ಬೀಜವೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಒದ್ದೆ ಕಾಗದದ ಮೇಲೆ ಇಟ್ಟು ಕಾಯುವುದು ಬಿಟ್ಟು ನಮ್ಮ ಕಚೇರಿಯಲ್ಲಿ ತಿಳಿಯುವ ದಾರಿಯಿಲ್ಲ. ಆ ವಾರವೆಲ್ಲ ತಟ್ಟೆಗಳ ಮುಂದೆ ಕೂತಾಗ ಎಲಿಯಾಸ್‌ನ ಮಾತೇ ನೆನಪಿಗೆ ಬರುತ್ತಿತ್ತು. ಹತ್ತು ತಿಂಗಳಲ್ಲಿ ಓಬಳೇಶನ ಬಗ್ಗೆ ಯಾರೋ ಅವನು ಇದ್ದಾನೆ ಎಂಬಂತೆ ಮಾತಾಡಿದ್ದು ಅದೇ ಮೊದಲು. ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬಂದಾಗ ಹೇಳಿ ಎಂದನಲ್ಲ, ಅದನ್ನು ಇನ್ನೊಮ್ಮೆ ಕೇಳಬೇಕೆನಿಸಿತು, ಅಷ್ಟೇ.

ನಾಲ್ಕನೇ ಆಟದಲ್ಲಿ ಎದುರು ತಂಡದ ಗೋಲು ಕಾಯುವವನು ಜಾರಿ ಬಿದ್ದಿದ್ದ. ಎಲಿಯಾಸ್ ಸುಮ್ಮನೆ ಚೆಂಡು ತಳ್ಳಿದ್ದರೆ ಸಾಕಿತ್ತು. ಓಬಳೇಶ ಕೂಗಿದ, ಎಲಿಯಾಸ್ ಎಡಕ್ಕೆ ಹೋದ. ಮೆಟ್ಟಿಲ ಮೇಲೆ ಯಾರೂ ಆಕಾಶ ನೋಡಲಿಲ್ಲ. ಮೊದಲು ಮೇಲಿನ ಸಾಲಿನವರು ಎದ್ದು ತಿರುಗಿ ಕೂತರು. ಆಮೇಲೆ ಒಂದೊಂದೇ ಸಾಲು. ಆರುನೂರು ಜನ ಮೈದಾನಕ್ಕೆ ಬೆನ್ನು ಕೊಟ್ಟು, ಛತ್ರಿ ಹಿಂದಕ್ಕೆ ವಾಲಿಸಿ ಕೂತರು. ಚೀಟಿ ಬರೆಯುತ್ತಿದ್ದ ನಾನೊಬ್ಬಳೇ ಎದುರಾಗಿ ಉಳಿದೆ. ಎಲಿಯಾಸ್ ಸೊಂಟದ ಮೇಲೆ ಕೈಯಿಟ್ಟು ಆ ಬೆನ್ನುಗಳನ್ನು ನೋಡಿದ, ನನ್ನನ್ನು ನೋಡಿದ, ನನ್ನ ಪಕ್ಕದ ಖಾಲಿ ಜಾಗವನ್ನು ನೋಡಿದ. ಅಲ್ಲಿ ಹಸಿರು ಟವೆಲ್ ಇತ್ತು. ಅಷ್ಟರಲ್ಲಿ ಆ ಜಾಗದಿಂದಲೇ ಮತ್ತೆ ಕೂಗು ಬಂತು. ಎಲಿಯಾಸ್ ಅಲ್ಲೇ ನಿಂತ. ಅವನ ಮುಖದಲ್ಲಿ ಏನಾಯಿತು ಎಂಬುದನ್ನು ನಾನು ಬರೆಯಲಾರೆ.

ಬುಧವಾರ ಸಂಜೆ ಪಾಲಾಕ್ಷಪ್ಪನವರ ಟಯರ್ ಅಂಗಡಿಯಲ್ಲಿ ತಂಡದ ಸಭೆ ಇದೆ ಎಂದು ಖಾದರ್ ಮೇಷ್ಟ್ರು ಹೇಳಿದರು. ಐದನೇ ಆಟದಲ್ಲೂ ಗೋಲು ಬರದಿದ್ದರೆ ಅವನನ್ನು ವಾಪಸು ಕಳಿಸುವುದು, ತಗಡು ತರಿಸುವುದು. ತಗಡು ಕೊಂಡವರು ಇನ್ನೂ ಅದನ್ನು ಹೊದಿಸಿಲ್ಲವಂತೆ, ಅಂಗಳದಲ್ಲೇ ಒಟ್ಟಿದ್ದಾರಂತೆ. ಎಲಿಯಾಸ್‌ನನ್ನು ಇದಕ್ಕೆ ಮುಂಚೆ ಎರಡು ಊರಿನವರು ವಾಪಸು ಕಳಿಸಿದ್ದಾರೆ, ಮೂರನೆಯವರೂ ಕಳಿಸಿದರೆ ಆಮೇಲೆ ಅವನನ್ನು ಯಾರೂ ಕರೆಯುವುದಿಲ್ಲ ಎಂದರು. ನಾನು ಕೈ ತೊಳೆದುಕೊಂಡು ಅವರ ಜೊತೆ ಹೊರಟೆ.

ಅಂಗಡಿಯಲ್ಲಿ ಹತ್ತು ಹನ್ನೆರಡು ಜನ ಟಯರುಗಳ ಮೇಲೆ ಕೂತಿದ್ದರು. ಎಲಿಯಾಸ್ ಬಾಗಿಲ ಹತ್ತಿರ. ದುರುಗಮ್ಮ ಮಂಡಕ್ಕಿ ಹಂಚುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ. ಚೀಟಿಗಳನ್ನು ತಂದಿದ್ದೆ. ಯಾವ ಆಟ, ಯಾವ ನಿಮಿಷ, ಓಬಳೇಶ ಏನು ಕೂಗಿದ, ಎಲಿಯಾಸ್ ಎಲ್ಲಿಗೆ ಓಡಿದ.

ಪಾಲಾಕ್ಷಪ್ಪ ಮಂಡಕ್ಕಿ ಕೆಳಗಿಟ್ಟರು. "ಅಲ್ಲಮ್ಮ, ಅದು ಹೋದ ವರ್ಷದ್ದು ಅಂತ ಹಾಲು ಕುಡಿಯೋ ಕೂಸಿಗೂ ಗೊತ್ತಾಗ್ತದಲ್ಲ."

"ನಮ್ಮೂರ ಕೂಸಿಗೆ," ಎಂದರು ಖಾದರ್ ಮೇಷ್ಟ್ರು. "ಈ ಹುಡುಗನಿಗೆ ಯಾರು ಹೇಳಿದ್ರಿ? ನಾನಂತೂ ಹೇಳಿಲ್ಲ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಹೇಳಿರಲಿಲ್ಲ. ಮೇಷ್ಟ್ರೇ ಎಲಿಯಾಸ್‌ಗೆ ಎಲ್ಲವನ್ನೂ ನಿಧಾನವಾಗಿ ವಿವರಿಸಿದರು, ಗುಡ್ಡ, ವರ್ಷ, ಟವೆಲ್. ಅವನು ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

"ಅವರು ನಿಮ್ಮ ಯಜಮಾನ್ರಾ ಅಕ್ಕ?"

ಹೌದೆಂದೆ.

"ಹಾಗಾದ್ರೆ ಅವರು ನನಗೆ ಹೇಳಿದ್ದಲ್ಲ."

ಅಲ್ಲ ಎಂದೆ. ನನಗಿದ್ದದ್ದು ಅದೊಂದೇ ಧ್ವನಿ, ಅವನಿಗಿದ್ದದ್ದೂ ಅದೇ, ಅದನ್ನು ಅವನಿಂದ ಕಿತ್ತುಕೊಂಡೆ ಎನಿಸಿತು.

ಇನ್ನು ಗೊತ್ತಾಯಿತಲ್ಲ, ಕಿವಿಗೆ ಹಾಕಿಕೊಳ್ಳದೆ ಆಡು ಎಂದರು ಪಾಲಾಕ್ಷಪ್ಪ. ಆಗುವುದಿಲ್ಲ ಎಂದ ಎಲಿಯಾಸ್. ತಲೆಗೆ ಗೊತ್ತಾದರೂ ಕಾಲಿಗೆ ಗೊತ್ತಾಗುವುದಿಲ್ಲ, ಇಷ್ಟು ಜನ ಸುಮ್ಮನಿರುವಾಗ ಒಂದೇ ಒಂದು ಧ್ವನಿ ಕರೆದರೆ ಕಾಲು ತಾನಾಗಿ ಹೋಗುತ್ತದೆ, ಈ ವರ್ಷದವರು ಯಾರಾದರೂ ಒಬ್ಬರು ಮಾತಾಡಿದ್ದರೆ ಸಾಕಿತ್ತು ಎಂದ. ಪಾಲಾಕ್ಷಪ್ಪ ನನ್ನನ್ನು ನೋಡದೆ, ಹಾಗಾದರೆ ತಮಟೆಯವರನ್ನು ಕರೆಸಬೇಕು ಎಂದರು. ಐದನೇ ಆಟ ಎಂದರೆ ನನಗೆ ಏನು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರ ಮನೆಗಳಲ್ಲೂ ಟವೆಲ್ ಹಾಸಿದವರಿದ್ದರು.

"ತಮಟೆ ಬೇಡ," ಎಂದೆ. "ನಾನು ಕೂಗ್ತೀನಿ. ಅವರ ಜಾಗದಲ್ಲೇ ಕೂತು."

ದುರುಗಮ್ಮ ಕೈಯಲ್ಲಿದ್ದ ಬುಟ್ಟಿ ಇಳಿಸಿದಳು. "ನಿನ್ನ ಗಂಟಲು ಮಂಡಕ್ಕಿ ಕೇಳಾಕೇ ಏಳಲ್ಲವ್ವ. ಮೈದಾನಕ್ಕೆ ಏಳ್ತೈತಾ?"

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಓಬಳೇಶನ ಮುಖದ ಮೇಲೆ ಬಟ್ಟೆ ಎಳೆಯುವ ಕೆಲಸವನ್ನು ಅವನು ತೀರಿಕೊಂಡ ದಿನ ಬೇರೆ ಯಾರೋ ಮಾಡಿದ್ದರು. ಈ ಸಲ ಅವನ ಧ್ವನಿಯನ್ನು ಮುಚ್ಚಲೇಬೇಕಿದ್ದರೆ ನಾನೇ ಮುಚ್ಚುತ್ತೇನೆ ಎನಿಸಿತು.

ಉಳಿದ ದಿನಗಳಲ್ಲಿ ಖಾದರ್ ಮೇಷ್ಟ್ರು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಹುರುಳಿಕಾಳು ಜೋಡಿಸಿ ನನಗೆ ಆಟ ಕಲಿಸಿದರು. ನನಗೆ ಪೂರ್ತಿ ತಲೆಗೆ ಹತ್ತಲಿಲ್ಲ. ಕೊನೆಗೆ ಅವರೇ ಒಂದು ಉಪಾಯ ಮಾಡಿದರು. ನನ್ನ ಪಕ್ಕದಲ್ಲಿ ಕೂತು ಛತ್ರಿಯ ತುದಿಯನ್ನು ಕಲ್ಲಿಗೆ ಒಂದು ಸಲ ಕುಟ್ಟಿದರೆ ಬಲಕ್ಕೆ, ಎರಡು ಸಲ ಕುಟ್ಟಿದರೆ ಹೊಡಿ. ಇಷ್ಟೇ. ಇದನ್ನು ಓಬಳೇಶ ಯಾಕೆ ಇಷ್ಟು ಇಷ್ಟಪಡುತ್ತಿದ್ದ ಎಂದು ಕೇಳಿದೆ. ಅವರು ಕಾಳುಗಳನ್ನು ಡಬ್ಬಕ್ಕೆ ತುಂಬುತ್ತ, ಅದನ್ನ ನೀನು ಅವನನ್ನೇ ಕೇಳಬೇಕಿತ್ತಲ್ಲವ್ವ ಎಂದರು. ಬೈದದ್ದಲ್ಲ ಅದು. ಆದರೂ ಅವರು ಹೋದ ಮೇಲೆ ಕಾಳುಗಳನ್ನು ಹೊರಗೆ ಸುರಿದು ಕಟ್ಟೆಯ ಮೇಲೆ ಮತ್ತೆ ಜೋಡಿಸಿದೆ.

ಆಟದ ದಿನ ಟವೆಲ್ ಎತ್ತಿ ಮಡಚಿ ತೊಡೆಯ ಮೇಲಿಟ್ಟುಕೊಂಡು ಅವನ ಜಾಗದಲ್ಲಿ ಕೂತೆ. ಕಲ್ಲು ಬಿಸಿಯಾಗಿತ್ತು. ವರ್ಷದ ಜಾಗದಲ್ಲಿ ಹೀಗೆ ಯಾರೂ ಕೂತಿರಲಿಲ್ಲ. ಹಿಂದಿನ ಸಾಲಿನಲ್ಲಿ ಗುಸುಗುಸು ಕೇಳಿತು, ಆಮೇಲೆ ನಿಂತಿತು. ಕೆಂಪು ಬಟ್ಟೆ ಬೀಸಿದರು. ಮೂರನೇ ನಿಮಿಷಕ್ಕೆ ಮೇಷ್ಟ್ರ ಛತ್ರಿ ಕುಟ್ಟಿತು. ನಾನು ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಆರನೇ ನಿಮಿಷಕ್ಕೆ ಮತ್ತೆ ಕುಟ್ಟಿತು. ಆ ಹೊತ್ತಿಗೆ ಸರಿಯಾಗಿ ಓಬಳೇಶ ಕೂಗಿದ. ಅವನು ನನಗಿಂತ ಒಂದು ಗೇಣು ಎತ್ತರ, ಕೂಗು ನನ್ನ ನೆತ್ತಿಯ ಮೇಲಿಂದ ಹೊರಟಿತು. ಎಲಿಯಾಸ್‌ನ ತಲೆ ತಿರುಗುವುದು ಕಂಡಿತು. ಬಲಕ್ಕೆ ಬಾ ಎಂದು ಕೂಗಿದೆ.

ಅದು ನನ್ನ ಧ್ವನಿ ಎಂದು ನನಗೇ ಗುರುತು ಹತ್ತಲಿಲ್ಲ. ಒರಟಾಗಿತ್ತು, ಒಡೆದಿತ್ತು. ಆಮೇಲೆ ನಿಲ್ಲಲಿಲ್ಲ. ಛತ್ರಿ ಕುಟ್ಟಿದರೂ ಕುಟ್ಟದಿದ್ದರೂ ಕೂಗಿದೆ. ಬಲಕ್ಕೆ. ಬಲಕ್ಕೆ ಬಾ. ಎಲಿಯಾಸ್ ಮೊದಲು ಎರಡು ಸಲ ಎಲ್ಲಿಗೂ ಹೋಗದೆ ನಿಂತುಬಿಟ್ಟ. ಮೂರನೇ ಸಲ ಬಲಕ್ಕೆ ಹೋದ. ನಾನು ಕೂಗುವಾಗ ಓಬಳೇಶ ಕೇಳಿಸುತ್ತಿರಲಿಲ್ಲ. ಕೇಳಿಸಬಾರದೆಂದೇ ಕೂಗುತ್ತಿದ್ದೆ. ಆದರೆ ಎಷ್ಟು ಕೂಗಿದರೂ ಉಸಿರು ತೆಗೆದುಕೊಳ್ಳಬೇಕಲ್ಲ. ಉಸಿರು ತೆಗೆದುಕೊಳ್ಳುವಾಗ ಅವನ ಒಂದು ತುಂಡು ಕೇಳುತ್ತಿತ್ತು. ಎಡ. ಬಾರೋ. ಒಂದು ಕೆಮ್ಮು, ಬಹುಶಃ ಜ್ವರದ ಮೊದಲ ಕೆಮ್ಮು. ನಾನು ಶುರು ಮಾಡಿದರೆ ಅವನು ಮುಳುಗುತ್ತಿದ್ದ, ನಾನು ನಿಲ್ಲಿಸಿದರೆ ಅವನು ಏಳುತ್ತಿದ್ದ. ಮನೆಯಲ್ಲೂ ನಾವು ಹೀಗೇ ಮಾತಾಡುತ್ತಿದ್ದೆವು, ಒಬ್ಬರ ಮೇಲೊಬ್ಬರು ಬಿದ್ದು, ಯಾರೂ ಯಾರ ಮಾತನ್ನೂ ಮುಗಿಸಲು ಬಿಡದೆ. ಇಷ್ಟು ದಿನ ನನಗೆ ಅದು ಮರೆತೇ ಹೋಗಿತ್ತು.

ಎಪ್ಪತ್ತೆಂಟನೇ ನಿಮಿಷಕ್ಕೆ ಛತ್ರಿ ಎರಡು ಸಲ ಕುಟ್ಟಿತು. ಹೊಡಿ ಎಂದೆ. ಎಲಿಯಾಸ್ ಬಲಗಾಲಿನಲ್ಲಿ ಹೊಡೆದ. ಚೆಂದದ ಹೊಡೆತ ಅಲ್ಲ ಅದು, ಚೆಂಡು ಒಬ್ಬನ ಮೊಣಕಾಲಿಗೆ ತಾಗಿ, ಕಂಬಕ್ಕೆ ತಾಗಿ ಒಳಗೆ ಉರುಳಿತು. ಮೆಟ್ಟಿಲುಗಳು ಎದ್ದು ನಿಂತವು. ವರ್ಷವಿಡೀ ಬಾಯಿ ಕಟ್ಟಿಕೊಂಡಿದ್ದ ಜನ ಒಮ್ಮೆಗೇ ಕೂಗಿದರು. ಛತ್ರಿಗಳು ಬಿದ್ದವು. ಕೂಗು ಎಷ್ಟು ಹೊತ್ತು ಇತ್ತೆಂದರೆ ಎದುರು ತಂಡದವರು ಚೆಂಡನ್ನು ನಡುವೆ ಇಟ್ಟು ಕಾಯುತ್ತ ನಿಂತಿದ್ದರು. ಮೇಷ್ಟ್ರು ಮಾತ್ರ ಕೂಗಲಿಲ್ಲ. ನನ್ನ ನೆತ್ತಿಯ ಮೇಲಿನ ಖಾಲಿ ಜಾಗವನ್ನೇ ನೋಡುತ್ತಿದ್ದರು, ಕಿವಿ ಆ ಕಡೆ ಕೊಟ್ಟು.

ಗದ್ದಲ ಅಡಗಿತು. ನನ್ನ ಗಂಟಲು ಹೋಗಿತ್ತು, ಇನ್ನು ಕೂಗಲು ಆಗುತ್ತಿರಲಿಲ್ಲ. ಹಾಗಾಗಿ ಸುಮ್ಮನೆ ಕೂತು ಕೇಳಿಸಿಕೊಂಡೆ. ಹನ್ನೆರಡು ನಿಮಿಷ. ಗಾಳಿ ಇತ್ತು, ಬೂಟುಗಳ ಸದ್ದಿತ್ತು. ಅವನು ಬರಲಿಲ್ಲ. ಕೆಂಪು ಬಟ್ಟೆ ಬೀಸಿದರು. ಎದುರು ತಂಡದವರು ಮೊದಲೇ ಒಂದು ಗೋಲು ಹೊಡೆದಿದ್ದರು, ಆಟ ಒಂದಕ್ಕೊಂದು ಸಮವಾಯಿತು.

ಜನ ಇಳಿದು ಹೋಗುತ್ತಿದ್ದರು. ಒಂದು ಗೋಲಿಗೆ ಒಂದು ಚಾವಣಿ ಸ್ವಲ್ಪ ಜಾಸ್ತಿಯಾಯಿತು ಎಂದು ಯಾರೋ ಅಂದರು. ಬರುವ ವರ್ಷ ಅದೂ ಬರುತ್ತದೆ, ಮೆಲ್ಲಗೆ ಹೇಳು ಎಂದು ಇನ್ನೊಬ್ಬರು ಬಾಯಿ ಮುಚ್ಚಿಸಿದರು. ಅವನನ್ನು ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ. ನಾನು ಮೇಷ್ಟ್ರನ್ನು ನೋಡಿದೆ.

"ಆ ಗದ್ದಲದೊಳಗೆ ಅವನದೊಂದು ಇತ್ತಲ್ವಾ," ಎಂದು ಕೇಳಿದೆ. ಧ್ವನಿ ಬರೀ ಉಸಿರಾಗಿತ್ತು.

ಅವರು ತಲೆ ಆಡಿಸಿದರು. "ಕೊನೇದು. ಆಮೇಲೆ ತಲೆನೋವು ಅಂತ ಎದ್ದು ಹೋದ ಅವತ್ತು. ಹೇಳ್ಲಾ?"

ಹೇಳಿ ಎಂದೆ.

"ಎಡಕ್ಕೆ ಅಂದ. ಅಷ್ಟೇ ಅವ್ವಾ."

ವರ್ಷವಿಡೀ ನಾನು ಆ ಕೊನೆಯ ಕೂಗಿನ ಜಾಗದಲ್ಲಿ ಏನೇನೋ ಇಟ್ಟುಕೊಂಡಿದ್ದೆ. ನನ್ನ ಹೆಸರು ಕೂಡ. ಎಡಕ್ಕೆ. ಸ್ವಲ್ಪ ಹೊತ್ತು ಅದನ್ನು ಬಾಯೊಳಗೆ ಇಟ್ಟುಕೊಂಡು ಕೂತೆ. ಕೆಳಗಿನಿಂದ ಎಲಿಯಾಸ್ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದ. ಎದುರು ನಿಂತು, ಅವರ ಹೆಸರೇನು ಅಕ್ಕ ಎಂದು ಕೇಳಿದ. ಹೇಳಿದೆ. ಅವನು ಅದನ್ನು ತನ್ನ ಕಡೆಯವರ ಉಚ್ಚಾರದಲ್ಲಿ ಒಂದು ಸಲ ಹೇಳಿ ನೋಡಿದ. ಆಮೇಲೆ ಓಬಳೇಶನ ಜಾಗಕ್ಕೆ, ನಾನು ಕೂತಿದ್ದ ಕಲ್ಲಿಗೆ, ಒಂದು ಬೆರಳು ಮುಟ್ಟಿಸಿ ಎದೆಗೆ ಒತ್ತಿಕೊಂಡು ಇಳಿದು ಹೋದ.

ಓಬಳೇಶನ ವರ್ಷದ ಜಾಗ ಬಿಟ್ಟುಕೊಡುವ ದಿನ ಅದು. ರೂಢಿಯಂತೆ ಟವೆಲ್ ಮನೆಗೆ ತಂದು ಒಗೆದೆ. ಈಗ ಆ ಜಾಗದಲ್ಲಿ ಯಾರು ಬೇಕಾದರೂ ಕೂರಬಹುದು. ಚೀಟಿಗಳು ಅಕ್ಕಿ ಡಬ್ಬದ ಕೆಳಗೇ ಇವೆ. ಐದನೆಯದು ಖಾಲಿ, ಆ ದಿನ ಬರೆಯಲು ಕೈಗೆ ಬಿಡುವಿರಲಿಲ್ಲ.

ಬರುವ ವರ್ಷ ಅದೇ ದಿನ ನಾನು ಮೈದಾನಕ್ಕೆ ಹೋಗುತ್ತೇನೆ. ಗುಡ್ಡ ನನ್ನದನ್ನು ಒಪ್ಪಿಸುತ್ತದೆ, ಬಲಕ್ಕೆ, ಬಲಕ್ಕೆ ಬಾ, ಒಡೆದ ಗಂಟಲಲ್ಲಿ, ಒಂದಕ್ಷರ ಬಿಡದೆ. ನಡುನಡುವೆ ನಾನು ಉಸಿರು ತೆಗೆದುಕೊಂಡ ಜಾಗಗಳಲ್ಲಿ ಏನೂ ಇರುವುದಿಲ್ಲ, ಓಬಳೇಶನದನ್ನು ಗುಡ್ಡ ಒಪ್ಪಿಸಿ ಮುಗಿಸಿದೆ. ಜನಕ್ಕೆ ಅದು ಉಸಿರು ಎಂದೇ ಅನಿಸುತ್ತದೆ. ಪ್ರತಿಯೊಂದೂ ಎಷ್ಟು ಉದ್ದ, ಅದರೊಳಗೆ ಯಾರು ಇದ್ದ ಎಂಬುದನ್ನು ನಾನು ಎಣಿಸಿಕೊಳ್ಳುತ್ತೇನೆ.